ಶಾಗ್ಯದವನ ಬೆಂಕಿ, ನನ್ನ ಕೊಳವೆ

ಕೊಳ್ಳೇಗಾಲದಿಂದ ಬಸ್ಸಿನ ಮೇಲೆ ಹಾಕಿ ಕಳಿಸಿದ್ದ ಗೋಣಿಯ ಗಂಟನ್ನು ಬಿಚ್ಚಿ, ಒಳಗಿದ್ದ ಕೊಳವೆಯ ತುಂಡನ್ನು ಮೇಜಿನ ಮೇಲೆ ಇಟ್ಟಾಗ ನನಗೆ ಬಂದದ್ದು ಕುತೂಹಲವಲ್ಲ, ಸಿಟ್ಟು. ಒಂದು ಮೊಳ ಉದ್ದದ ತುಂಡು. ಹೊರಮೈ ಹೆಚ್ಚುಕಡಿಮೆ ನೆಟ್ಟಗಿತ್ತು. ಒಳಮೈ ಮಾತ್ರ ಪದರುಪದರಾಗಿ ಎದ್ದು, ಬೆರಳು ತಾಗಿಸಿದರೆ ಹಪ್ಪಳದ ಹಾಗೆ ಮುರಿದು ಉದುರುತ್ತಿತ್ತು. ಮೂರು ಕಡೆ ಹೆಬ್ಬೆರಳು ತೂರುವಷ್ಟು ತೂತು. ಆ ಉಕ್ಕಿನಲ್ಲಿ ನೂರಕ್ಕೆ ಹದಿನೇಳು ಪಾಲು ಕ್ರೋಮಿಯಂ ಇತ್ತು. ಅದನ್ನು ಹದ ಮಾಡಿ ಎರಕ ಹೊಯ್ಸಿದವನು ನಾನು. ಕೆಂಪಗೆ ಕಾದರೂ ಹತ್ತು ವರ್ಷ ಬಾಳುತ್ತದೆ ಎಂದು ಬರೆದುಕೊಟ್ಟವರು ನನ್ನ ಪ್ರೊಫೆಸರರು. ಏಳೇ ತಿಂಗಳಿಗೆ ಅದು ಹೀಗೆ ತಿರುಗಿ ಬಂದಿತ್ತು.

ಅದು ಅರವತ್ತೇಳನೇ ಇಸವಿಯ ಬೇಸಿಗೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ನಾನು ಉಪನ್ಯಾಸಕ. ಕಾದ ಲೋಹವನ್ನು ಗಾಳಿ, ಹೊಗೆಗಳು ಹೇಗೆ ತಿನ್ನುತ್ತವೆ ಎಂಬುದರ ಮೇಲೆ ಪ್ರಬಂಧ ಬರೆಯುತ್ತಿದ್ದೆ. ನಾಲ್ಕು ಅಧ್ಯಾಯ ಮುಗಿದಿದ್ದವು. ಐದನೆಯದಕ್ಕೆ ಈ ಕೊಳವೆಗಳೇ ಆಧಾರ. ಪ್ರಯೋಗಾಲಯದ ಕುಲುಮೆಯಲ್ಲಿ ಗೆದ್ದದ್ದು ಊರಿನ ಒಲೆಯಲ್ಲೂ ಗೆಲ್ಲುತ್ತದೆ ಎಂದು ತೋರಿಸುವ ಅಧ್ಯಾಯ ಅದು.

ಪ್ರೊಫೆಸರರು ಕೊಳವೆಯನ್ನು ಮುಟ್ಟಲೂ ಇಲ್ಲ. "ಒಲೆ ಉರಿಸುವವನು ನಿದ್ದೆ ಮಾಡಿದ್ದಾನೆ. ಬೆಂಕಿ ಮಿತಿ ಮೀರಿದೆ. ಅಲ್ಲಿಗೆ ಹೋಗಿ ಅದಕ್ಕೆ ಪುರಾವೆ ತೆಗೆದುಕೊಂಡು ಬಾ" ಎಂದರು. ಏನಾಗಿದೆ ನೋಡಿಕೊಂಡು ಬಾ ಎನ್ನಲಿಲ್ಲ. ನನಗೂ ಆಗ ಅದರಲ್ಲಿ ತಪ್ಪು ಕಾಣಲಿಲ್ಲ. ಹೊರಡುವ ಮುಂಚೆ ಕೊಳವೆಯಿಂದ ಒಂದು ಬಳೆಯಷ್ಟನ್ನು ಕತ್ತರಿಸಿ, ಉಜ್ಜಿ ಹೊಳಪು ಕೊಟ್ಟು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಮಿತಿ ಮೀರಿ ಕಾದ ಉಕ್ಕಿನ ಕಣಗಳು ಊದಿಕೊಳ್ಳುತ್ತವೆ. ಇದರಲ್ಲಿ ಕಣಗಳು ಇದ್ದ ಹಾಗೇ ಇದ್ದವು. ಅದನ್ನು ಕಣ್ಣಾರೆ ನೋಡಿದೆ, ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ನಾನು ಯಳಂದೂರಿನವನು. ಚಿಕ್ಕಮ್ಮನ ಮನೆಯಲ್ಲಿ ಟ್ರಂಕು ಇಳಿಸಿ, ಬೆಳಗಿನ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದೆ. ನಮ್ಮ ಕೊಳವೆ ಹಾಕಿಸಿಕೊಂಡಿದ್ದದ್ದು ಒಂದು ಖಾಸಗಿ ರೇಷ್ಮೆ ನೂಲಿನ ಕಾರ್ಖಾನೆ. ಅಲ್ಲಿ ಗೂಡು ಒಣಗಿಸುವ ಒಂದು ಮನೆ ಇತ್ತು. ಹಸಿ ಗೂಡನ್ನು ತಟ್ಟೆಗಳಲ್ಲಿ ಹರಡಿ, ತಟ್ಟೆಗಳನ್ನು ಕಬ್ಬಿಣದ ಗಾಡಿಗೆ ಪೇರಿಸಿ, ಬಿಸಿಗಾಳಿಯ ಕೋಣೆಗೆ ತಳ್ಳುತ್ತಾರೆ. ಒಳಗಿನ ಹುಳು ಸಾಯಬೇಕು, ಗೂಡಿಗೆ ಹೊಗೆ ತಾಗಬಾರದು. ಅದಕ್ಕೇ ಹೊರಗೆ ಸೌದೆಯ ಒಲೆ. ಅದರ ಉರಿ, ಹೊಗೆ ಎರಡೂ ಕೊಳವೆಗಳ ಒಳಗೆ ಹಾದು ಚಿಮಣಿಗೆ ಹೋಗುತ್ತವೆ. ಕೊಳವೆಗಳ ಹೊರಮೈಗೆ ತಾಗಿ ಕಾದ ಗಾಳಿಯನ್ನಷ್ಟೇ ಫ್ಯಾನು ಗೂಡಿನ ಮೇಲೆ ಊದುತ್ತದೆ. ಒಲೆಯ ಕಡೆಯ ತುದಿಯಲ್ಲಿ ಕೊಳವೆಗಳು ಸದಾ ಕೆಂಪಗೆ ಕಾದಿರುತ್ತವೆ. ಅಲ್ಲಿ ತೂತು ಬಿದ್ದರೆ ಹೊಗೆ ಗೂಡಿಗೆ ನುಗ್ಗುತ್ತದೆ. ಹಾಗೇ ಆಗಿತ್ತು. ಒಂದು ಕೋಣೆ ತುಂಬ ಗೂಡು ಮಸಿ ಬಣ್ಣಕ್ಕೆ ತಿರುಗಿ ಯಾತಕ್ಕೂ ಬಾರದೆ ಹೋಗಿತ್ತು.

ಮ್ಯಾನೇಜರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಟೈಪು ಮಾಡಿದ ಹಾಳೆ ತೋರಿಸಿದರು. ಒಲೆ ಕಾಯುವವನನ್ನು ಕೆಲಸದಿಂದ ತೆಗೆದ ಆದೇಶ. ಸಹಿ ಒಂದೇ ಬಾಕಿ. "ಸದ್ಯಕ್ಕೆ ಹೊರಗಿಟ್ಟಿದ್ದೇನೆ. ನಿಮ್ಮ ವರದಿ ಕೈಗೆ ಬಂದ ದಿನ ಸಹಿ ಹಾಕುತ್ತೇನೆ" ಎಂದರು. ನನಗಾಗಿ ಬಾಳೆ ಎಲೆ ಹಾಸಿ ಕಾಯುತ್ತಿದ್ದ ಹಾಗಿತ್ತು ಆ ಮನುಷ್ಯನ ಮುಖ.

ಒಲೆ ಕಾಯುವವನು ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ಕೂತಿದ್ದ. ಶಾಗ್ಯ ಎಂಬ ಹಳ್ಳಿಯವನು, ನಲವತ್ತು ದಾಟಿದವನು, ಹುಬ್ಬುಗಳೆರಡೂ ಸುಟ್ಟು ಹೋಗಿದ್ದವು. ಹೊರಗಿಟ್ಟ ಮೇಲೂ ದಿನಾ ಬೆಳಿಗ್ಗೆ ಬಂದು ಅಲ್ಲಿ ಕೂರುತ್ತಿದ್ದನಂತೆ. ನಾನು ಹಾದು ಹೋಗುವಾಗ ಏಳಲಿಲ್ಲ.

"ಬೆಂಗಳೂರಿಂದ ಬಂದೋರಾ?" ಎಂದ.

"ಹೌದು."

"ನಮ್ಮಪ್ಪ ನೇಕಾರ್ರ ಮನೆ ರೇಷ್ಮೆ ಬೇಯ್ಸೋ ಒಲೆ ಕಾದೋನು. ನಾನು ಈ ಒಲೆ ಕಾದೋನು. ನಮ್ಮನ್ನ ಕಳ್ಳ ಅನ್ನಿ, ಬೇಕಾದ್ರೆ ಕುಡುಕ ಅನ್ನಿ. ಬೆಂಕಿ ಗೊತ್ತಿಲ್ದೋನು ಅಂತ ಮಾತ್ರ ಬರೀಬ್ಯಾಡಿ ಸಾ."

ನಾನು ನಿಲ್ಲದೆ ಗೇಟು ದಾಟಿದೆ. ಅವನಿಗೆ ಹೆದರಿ ಅಲ್ಲ. ಅದನ್ನೇ ಬರೆಯಲು ಬಂದಿದ್ದೆ, ಅದಕ್ಕೆ.

ಒಳಗೆ ಗೂಡು ಆಯುವ ಹೆಂಗಸರು ಹತ್ತು ಜನ. ಅವರಲ್ಲಿ ಒಬ್ಬ ಹಿರಿಯಾಕೆ, ಪೇಟೆಯ ನೇಕಾರರ ಮನೆಯವಳು, ಗಾಡಿ ಒಳಗೆ ಹೋಗುವುದು ಹೊರಗೆ ಬರುವುದು ಎಲ್ಲ ಅವಳ ಮಾತಿನ ಮೇಲೆ. ನಾನು ಕಾಲಿಟ್ಟ ಕೂಡಲೇ ಅಷ್ಟು ಜನರ ಮಾತೂ ನಿಂತಿತು. ಕುಡಿಯುವ ನೀರು ಕೇಳಿದರೆ ಅಲ್ಲಿದೆ ಎಂದು ಗಡಿಗೆಯ ಕಡೆ ಗದ್ದ ತೋರಿಸಿದರು. ಲೋಟ ಯಾರೂ ಕೊಡಲಿಲ್ಲ. ಎದುರಿಗೆ, ನೂಲು ಬಿಚ್ಚುವ ಮುಂಚೆ ಗೂಡು ಬೇಯಿಸಲು ಹಬೆ ಕೊಡುವ ಬಾಯ್ಲರ್ ಮನೆಯ ಬಾಗಿಲಿನ ಮೇಲೆ ಮಾತ್ರ ನನಗೊಬ್ಬ ಪರಿಚಯದವನಿದ್ದ. "ಕೆಲಸವಿಲ್ಲದವರು ಒಳಗೆ ಬರಕೂಡದು" ಎಂಬ ತಗಡಿನ ಬೋರ್ಡು. ಏಳು ತಿಂಗಳ ಹಿಂದೆ ಕೊಳವೆ ಜೋಡಿಸಿದ ದಿನ ಬಂದಿದ್ದಾಗ, ಈ ಹೆಂಗಸರು ಸೆರಗು ಹಾರಿಸಿಕೊಂಡು ಬಾಯ್ಲರಿನ ಬೆಂಕಿಬಾಗಿಲಿನವರೆಗೂ ಓಡಾಡುವುದನ್ನು ಕಂಡು, ಇದು ಅಪಾಯ, ಬೀಗ ಹಾಕಿಸಿ, ಬೋರ್ಡು ಬರೆಸಿ ಎಂದು ಮ್ಯಾನೇಜರಿಗೆ ಚೀಟಿ ಬರೆದುಕೊಟ್ಟಿದ್ದೆ. ನನ್ನ ಮಾತನ್ನು ಒಬ್ಬರಾದರೂ ಕೇಳಿದ್ದಾರಲ್ಲ ಎಂದು ಅವತ್ತು ಸಮಾಧಾನವಾಯಿತು.

ತೂತಾದ ಕೊಳವೆಗಳ ಬಾಯಿಗೆ ಜೇಡಿಮಣ್ಣು ಮೆತ್ತಿ, ಉಳಿದವುಗಳಲ್ಲಿ ಕೆಲಸ ಸಾಗಿಸುತ್ತಿದ್ದರು. ಸೌದೆ ಒಟ್ಟುವ ಆಳೊಬ್ಬನನ್ನು ಒಲೆ ಕಾಯಲು ಹಾಕಿದ್ದರು. ನಾನು ಬೆಂಗಳೂರಿನಿಂದ ತಂದಿದ್ದ ಹನ್ನೆರಡು ಉಕ್ಕಿನ ಬಿಲ್ಲೆಗಳನ್ನು ತೆಗೆದೆ. ಎಲ್ಲ ಒಂದೇ ಅಳತೆ, ಒಂದೇ ತೂಕ, ತಲೆಯಲ್ಲಿ ಒಂದೊಂದು ತೂತು. ಅವನ್ನು ಕೊಳವೆಗಳ ಬಾಯಿಯ ಹತ್ತಿರ ತಂತಿಯಲ್ಲಿ ನೇತುಹಾಕಿ, ದಿನಕ್ಕೆರಡರಂತೆ ಹೊರತೆಗೆದು ತೂಗಬೇಕು. ಲೋಹ ಆಮ್ಲಜನಕವನ್ನು ಹಿಡಿದುಕೊಂಡಷ್ಟೂ ತೂಕ ಏರುತ್ತದೆ. ಬೆರಳಿನ ಜಿಡ್ಡು ತಾಗಿದರೂ ಲೆಕ್ಕ ಕೆಡುತ್ತದೆ, ಅದಕ್ಕೇ ಚಿಮಟದಲ್ಲಿ ಹಿಡಿದು, ಸ್ಪಿರಿಟ್ಟಿನಲ್ಲಿ ತೊಳೆದು, ಬೆಳಿಗ್ಗೆ ಒಲೆ ಹೊತ್ತಿಸಿದ ಮೇಲೆ ನೇತುಹಾಕೋಣವೆಂದು ಗಾಜಿನ ಡಬ್ಬಿಯಲ್ಲಿಟ್ಟು ಹೋದೆ. ಬೆಳಿಗ್ಗೆ ಬಂದು ನೋಡಿದರೆ ಡಬ್ಬಿ ಇತ್ತು, ಬಿಲ್ಲೆ ಇರಲಿಲ್ಲ.

ಆವತ್ತು ನಾನು ಕೂಗಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಬೆಂಗಳೂರಿನ ಭಾಷೆಯಲ್ಲಿ ಶುರು ಮಾಡಿ ಯಳಂದೂರಿನ ಭಾಷೆಗೆ ಇಳಿದುಬಿಟ್ಟೆ. "ಯಾರ್ಲಾ ಅದು, ನನ್ ಸಾಮಾನು ಮುಟ್ಟಿರೋರು? ನಾಕ್ ತಿಂಗ್ಳು ಕೂತ್ಕಂಡು ತಿಕ್ಕಿವ್ನಿ ಅದ." ಹೆಂಗಸರು ಮೊದಲ ಬಾರಿಗೆ ನನ್ನ ಮುಖ ನೋಡಿದರು. ನಮ್ಮ ಕಡೆಯವನೇ ಎಂದು ತಿಳಿದದ್ದರಿಂದ ಅವರಿಗೇನೂ ಪ್ರೀತಿ ಉಕ್ಕಲಿಲ್ಲ. ಹೊರಗಿನವನ ಮೇಲಿದ್ದ ಅನುಮಾನ ಒಳಗಿನವನ ಮೇಲಿನ ತಾತ್ಸಾರವಾಯಿತು, ಅಷ್ಟೆ.

"ಆ ಬಿಲ್ಲೆ ಒಲೆ ಒಳಗ ಇಟ್ರೆ, ಬೆಂಕಿಯವ್ನು ಎಸ್ಟೊತ್ತು ಮಲ್ಗಿದ್ದ ಅಂತ ತೋರುಸ್ತದಂತಲ್ಲ" ಎಂದಳು ಹಿರಿಯಾಕೆ, ತಟ್ಟೆಯಿಂದ ಕಣ್ಣೆತ್ತದೆ.

"ಯಾರು ಹೇಳಿದ್ದು?"

"ಯಾರಾರ ಯಾಕ ಏಳ್ಬೇಕು. ನೀವು ಬಂದಿರೋದೇ ಅದುಕ್ಕಲ್ವಾ."

ಬಿಲ್ಲೆ ಎಲ್ಲಿದೆ ಎಂದು ಮಧ್ಯಾಹ್ನ ಅವಳೇ ಕರೆದುಕೊಂಡು ಹೋಗಿ ತೋರಿಸಿದಳು. ಹೆದರಿದ್ದಕ್ಕಲ್ಲ, ನಾನು ಪೊಲೀಸಿನ ಮಾತೆತ್ತಿದ್ದಕ್ಕೆ ಸಿಟ್ಟಾಗಿ. ಪೇಟೆಯ ಬೀದಿಯಲ್ಲಿ ಅವಳ ಮನೆ. ಅವಳ ಗಂಡ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಮಗ್ಗದ ತಲೆಯ ಮೇಲೆ, ಹೂವಿನ ಎಳೆ ಎತ್ತುವ ಜಕಾರ್ಡಿನಿಂದ ಇಳಿಬಿದ್ದ ದಾರಗಳಿಗೆ, ಅವು ಸೆಟೆದು ನಿಲ್ಲಲೆಂದು, ತುದಿಯಲ್ಲಿ ಭಾರ ಕಟ್ಟುತ್ತಾರೆ. ಸೀರೆಯ ಸೆರಗಿನ ಕಡೆಯ ಹನ್ನೆರಡು ದಾರಗಳ ತುದಿಯಲ್ಲಿ ನನ್ನ ಹನ್ನೆರಡು ಬಿಲ್ಲೆ ತೂಗಾಡುತ್ತಿದ್ದವು.

"ಹಳೇ ಕಂಬಿ ತುಕ್ಕಿಡ್ದು ಒಂದ್ ತೂಕ ಒಂದ್ರಂಗಿರ್ನಿಲ್ಲ. ಇವು ನೋಡಿ, ಹನ್ನೆಲ್ಡೂ ಒಂದೇ ತೂಕ. ಎಂಥ ಕೆಲ್ಸ ಮಾಡಿದ್ದೀರ ಸಾ" ಎಂದ ನೇಕಾರ. ನನ್ನ ನಾಲ್ಕು ವರ್ಷದ ಸಂಶೋಧನೆಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ನಾನು ಕೈ ಚಾಚಿದೆ. ಅವನು ಲಾಳಿ ನಿಲ್ಲಿಸಲಿಲ್ಲ. "ಈಗ ಬಿಚ್ಚುದ್ರೆ ಉವ್ವು ಅರ್ಧುಕ್ಕೆ ನಿಂತೋಯ್ತದ. ಸೀರ ಇಳುದ್ ಮ್ಯಾಲೆ ತಕಂಡೋಗಿ."

ಎಣ್ಣೆಗೈ ತಾಗಿದ ಬಿಲ್ಲೆ ಇನ್ನು ನನ್ನ ತಕ್ಕಡಿಗೆ ಬರುವಂತಿರಲಿಲ್ಲ. ಕೋಪ ಇತ್ತು, ಉಪಯೋಗ ಇರಲಿಲ್ಲ. "ಇಟ್ಟುಕೊಳ್ಳಿ" ಎಂದು ಎದ್ದು ಬಂದೆ. ಅದು ದೊಡ್ಡತನವೇನಲ್ಲ. ಆದರೆ ಹಿರಿಯಾಕೆ ಅದನ್ನು ಬೇರೆಯ ಹಾಗೆ ತೆಗೆದುಕೊಂಡಳೆಂದು ಆಮೇಲೆ ತಿಳಿಯಿತು.

ಬಿಲ್ಲೆ ಹೋದ ಮೇಲೆ ಉಳಿದದ್ದು ಕೊಳವೆಯೊಳಗಿನ ಕಿಟ್ಟ. ಜೇಡಿಮಣ್ಣು ಬಿಡಿಸಿ, ಚಾಣದಿಂದ ಕೆರೆದು, ಒಂದು ಬೊಗಸೆಯಷ್ಟು ತೆಗೆದೆ. ನೀರಿನಲ್ಲಿ ನೆನೆಸಿದಾಗ ನೀರು ಅರಿಶಿನದ ಹಾಗೆ ಹಳದಿಯಾಯಿತು. ಆ ಬಣ್ಣ ಬರಬಾರದಿತ್ತು. ಕ್ರೋಮಿಯಂ ಉಕ್ಕು ಬಾಳುವುದು ಅದರ ಮೈಮೇಲೆ ಕಟ್ಟುವ ತೆಳ್ಳನೆಯ ಆಕ್ಸೈಡಿನ ಪೊರೆಯಿಂದ. ಆ ಪೊರೆ ನೀರಿನಲ್ಲಿ ಕರಗುವಂಥದ್ದಲ್ಲ. ಕರಗಿ ಹಳದಿಯಾಗಿದೆ ಎಂದರೆ ಏನೋ ಅದನ್ನು ಮುರಿದು ಕ್ರೋಮೇಟೆಂಬ ಹಳದಿ ಲವಣ ಮಾಡಿದೆ. ಬರೀ ಬೆಂಕಿ ಆ ಕೆಲಸ ಮಾಡುವುದಿಲ್ಲ.

ಯಳಂದೂರಿನಲ್ಲಿ ನಾನು ಓದಿದ ಹೈಸ್ಕೂಲಿನ ಪ್ರಯೋಗಶಾಲೆಯ ಬೀಗ ತೆಗೆಸಿಕೊಂಡೆ. ರಜೆಯ ದಿನ, ಬೆಂಚುಗಳ ಮೇಲೆ ಧೂಳು. ಬಾಟ್ಲಿಯ ತಳದಲ್ಲಿ ಸ್ವಲ್ಪ ಸಿಲ್ವರ್ ನೈಟ್ರೇಟ್ ಉಳಿದಿತ್ತು. ಕಿಟ್ಟ ನೆನೆಸಿದ ನೀರಿಗೆ ಆಮ್ಲ ಬೆರೆಸಿ, ಅದನ್ನು ಎರಡು ಹನಿ ಬಿಟ್ಟೆ. ಮೊಸರಿನಂತೆ ಬೆಳ್ಳಗೆ ಗರಣೆ ಕಟ್ಟಿತು. ಕ್ಲೋರೈಡು. ಅಂದರೆ ಉಪ್ಪು. ಕೆಂಪಗೆ ಕಾದ ಕ್ರೋಮಿಯಂ ಉಕ್ಕಿಗೆ ಉಪ್ಪಿಗಿಂತ ದೊಡ್ಡ ವೈರಿ ಇಲ್ಲ. ಉಪ್ಪು ಆವಿಯಾಗಿ ಹೋಗಿ ಕೊಳವೆಯ ಒಳಮೈಗೆ ಕೂರುತ್ತದೆ, ಪೊರೆಯನ್ನು ಒಡೆಯುತ್ತದೆ, ಮತ್ತೆ ಪೊರೆ ಕಟ್ಟಲು ಬಿಡುವುದಿಲ್ಲ.

ಮೊದಲು ಸೌದೆಯ ಮೇಲೆ ಅನುಮಾನ ಪಟ್ಟೆ. ಹನೂರಿಗೆ ಹೋಗಿ ಕಾರ್ಖಾನೆಗೆ ಸೌದೆ ಕಳಿಸುವ ಡಿಪೋದಿಂದ ನಾಲ್ಕು ಬಗೆಯ ಮರದ ತುಂಡು ತಂದೆ. ಕೌದಳ್ಳಿಯವರೆಗೂ ಹೋಗಿ ಗುಡ್ಡದ ಸೌದೆ ತಂದೆ. ಚಿಕ್ಕಮ್ಮನ ಹಿತ್ತಿಲಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಸುಟ್ಟು ಬೂದಿ ಮಾಡಿ ನೋಡಿದೆ. ನೀರು ಬರೀ ಮಸುಕಾಯಿತು, ಗರಣೆ ಕಟ್ಟಲಿಲ್ಲ. ಸೌದೆಯಲ್ಲಿ ಅಷ್ಟು ಉಪ್ಪಿಲ್ಲ. ಹಾಗಾದರೆ ಯಾರೋ ಹಾಕಿದ್ದಾರೆ.

ಆಗ ನೆನಪಾಯಿತು, ಚಿಮಣಿಯ ಮಸಿ ಕಿತ್ತುಬರಲೆಂದು ಸೋಮಾರಿ ಬೆಂಕಿಯವರು ಒಲೆಗೆ ಉಪ್ಪು ಎಸೆಯುವುದುಂಟು. ಸಿಕ್ಕಿಬಿದ್ದ ಎಂದುಕೊಂಡೆ. ಪ್ರೊಫೆಸರರು ಕೇಳಿದ ಪುರಾವೆ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಗಬೇಕು. ಮಾರನೆಯ ದಿನ ಶಾಗ್ಯದ ಬಸ್ಸು ಹಿಡಿದೆ. ಅವನು ರಾಗಿ ಹೊಲದಲ್ಲಿ ಯಾರದೋ ಬೇಲಿ ಕಟ್ಟುತ್ತಿದ್ದ. ನಾನು ಸುತ್ತಿ ಬಳಸದೆ ಕೇಳಿದೆ. "ಮಸಿ ತೆಗೆಯಲು ಒಲೆಗೆ ಉಪ್ಪು ಹಾಕುತ್ತಿದ್ದೆಯಾ?"

ಅವನು ಮುಳ್ಳಿನ ಕೊಂಬೆಯನ್ನು ಕೆಳಗೆ ಹಾಕಿದ. "ಮಸಿಗ ಉಪ್ಪಾಕೋನು ಬೆಂಕಿ ಕಾಯೋನಲ್ಲ ಸಾ. ನಾನು ವಾರಕ್ ಒಂದ್ ಕಿತ ಚಿಮ್ಣಿ ಒಳುಕ್ಕ ಕುಂಚ ಇಳುಸ್ತೀನಿ. ಬಂದ್ ನೋಡಿ." ಕೈಗೆ ಚುಚ್ಚಿದ್ದ ಮುಳ್ಳು ಕಿತ್ತು, "ಯಾಕ, ಉಪ್ಪಿನಿಂದ್ಲಾ ಕೊಳ್ವೆ ಓಗಿದ್ದು?" ಎಂದ.

"ಹೌದು. ಉಪ್ಪಿನಿಂದಲೇ."

ಅವನ ಮುಖದಲ್ಲಿ ಏನೋ ಬದಲಾಯಿತು. ಬಾಯಿ ತೆರೆದವನು ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂದು ನಾನು ತೀರ್ಮಾನಿಸಿದೆ. "ನಿನಗೆ ಗೊತ್ತಿದೆ" ಎಂದೆ.

"ನಂಗೇನೂ ಗೊತ್ತಿಲ್ಲ. ನೀವು ಓದಿರೋರು, ನೀವೇ ಬರ್ಕೊಳಿ. ಬೇಕಾದಂಗ್ ಬರ್ಕೊಳಿ. ಈಗ ನಡೀರಿ, ಬಸ್ ಓಯ್ತದ." ಬೆನ್ನು ತಿರುಗಿಸಿ ಮುಳ್ಳು ಎತ್ತಿಕೊಂಡ. ವಾಪಸು ಬರುತ್ತ ಬಸ್ಸಿನಲ್ಲೇ ವರದಿಯ ಮೊದಲ ಸಾಲು ಬರೆದೆ. ಒಲೆಗೆ ಉಪ್ಪು ಬೆರೆಸಿದ ಬೇಜವಾಬ್ದಾರಿಯ ಉರಿಸುವಿಕೆ.

ಮರುದಿನ ಕಡೆಯ ಬಾರಿ ಕಾರ್ಖಾನೆಗೆ ಹೋಗಿ, ಒಲೆಯ ಅಳತೆ ತೆಗೆದುಕೊಳ್ಳುತ್ತ ನಿಂತಿದ್ದೆ. ಗೂಡಿನ ಗಾಡಿ ಕೋಣೆಯ ಬಾಗಿಲಿಗೆ ಬಂದು ನಿಂತಿತು. ಒಳಗೆ ಹೋಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯಾಕೆ ನನ್ನ ಹತ್ತಿರ ಬಂದಳು.

"ನೀವು ಇಲ್ಲೇ ನಿಂತ್ಕಂಡ್ರೆ ಗಾಡಿ ಒಳಕ್ ಓಗಲ್ಲ. ದಿನಾ ನೀವು ಊಟುಕ್ ಓದಾಗ ಮಾಡ್ತಿದ್ವಿ. ಇವತ್ತು ಓಗ್ನಿಲ್ಲ ನೀವು." ಒಂದು ಗಳಿಗೆ ನನ್ನನ್ನು ತೂಗಿ ನೋಡುವವಳ ಹಾಗೆ ನೋಡಿ, "ನಮ್ಮೆಜಮಾನ್ರಿಗೆ ಬಿಲ್ಲೆ ಬುಟ್ಕೊಟ್ರಲ್ಲ, ಆ ನಂಬ್ಕೆ ಮ್ಯಾಲೆ ಏಳ್ತೀನಿ. ಮ್ಯಾನೇಜರ್ ಸಾಯೇಬ್ರಿಗೆ ಏಳ್ಬ್ಯಾಡಿ. ಅತ್ಲಾಗ್ ತಿರ್ಗಿ" ಎಂದಳು.

ನಾನು ಹೇಳುವುದಿಲ್ಲ ಎಂದು ಅರ್ಧ ತಿರುಗಿದೆ. ಅವಳು ಸೆರಗಿನ ಗಂಟಿನಿಂದ ಒಂದು ಹಿಡಿ ಕಲ್ಲುಪ್ಪು, ನಾಲ್ಕು ಒಣಮೆಣಸಿನಕಾಯಿ ತೆಗೆದು, ಗಾಡಿಯ ಸುತ್ತ ಮೂರು ಸಲ ನಿವಾಳಿಸಿ, ಒಲೆಯ ಬಾಗಿಲು ಸರಿಸಿ ಒಳಗೆ ಎಸೆದಳು. ಚಟಪಟ ಚಟಪಟ ಎಂದು ಸಿಡಿಯಿತು. ಸಿಡಿದಷ್ಟೂ ದೃಷ್ಟಿ ದೊಡ್ಡದು ಎಂದು ಲೆಕ್ಕ. "ಎಂಥ ಕಣ್ಣು ಬಿದ್ದಿತ್ತು ನೋಡವ್ವ" ಎಂದು ಯಾರೋ ಅಂದರು. ಗಾಡಿ ಒಳಗೆ ಹೋಯಿತು. ಗೂಡಿಗೆ ದೃಷ್ಟಿ ತಾಗಿದರೆ ನೂಲು ಬಿಚ್ಚುವಾಗ ಎಳೆ ತುಂಡುತುಂಡಾಗುತ್ತದೆ ಎಂದು ನಂಬಿಕೆ. ದಿನಕ್ಕೆ ಎಂಟು ಗಾಡಿ, ಎಂಟು ಹಿಡಿ ಉಪ್ಪು, ಏಳು ತಿಂಗಳು.

ನನ್ನ ತಾಯಿ ನನಗೆ ನಿವಾಳಿಸಿದ ಉಪ್ಪಿಗೆ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಉಪ್ಪು, ಹೊಸ ಅಂಗಿ ಹಾಕಿದರೆ ಉಪ್ಪು. ಅಡುಗೆ ಒಲೆಯಲ್ಲಿ ಅದು ಸಿಡಿಯುವುದನ್ನು ಕೇಳಿಕೊಂಡೇ ಬೆಳೆದವನು. ಆದರೂ ಊರೂರು ಅಲೆದು ಸೌದೆ ಸುಟ್ಟು ಬೂದಿ ಕದಡುತ್ತ ಕೂತಿದ್ದೆ.

"ಇದು ಮೊದಲಿಂದ ಹೀಗೇ ಈ ಒಲೆಗೇ ಹಾಕುತ್ತಿದ್ದಿರಾ?" ಎಂದು ಕೇಳಿದೆ. ಕೇಳುವಾಗಲೇ ಉತ್ತರ ಬೇಡವೆನಿಸುತ್ತಿತ್ತು.

"ಇಲ್ಲ. ಮೊದ್ಲು ಬಾಯ್ಲರ್ ಬೆಂಕಿಗ ಆಕ್ತಿದ್ವಿ. ಅದು ದೊಡ್ಡ ಬೆಂಕಿ. ಬೀಗ ಆಕುಸ್ಬುಟ್ರು. ಬೋರ್ಡ್ ಆಕುದ್ರು." ಹಿರಿಯಾಕೆ ಬಾಗಿಲಿನ ಕಡೆ ಕೈ ತೋರಿಸಿದಳು. ಅದು ಯಾರ ಬೋರ್ಡೆಂದು ಅವಳಿಗೆ ಗೊತ್ತಿರಲಿಲ್ಲ.

ಬಾಯ್ಲರಿನ ಕೊಳವೆಗಳಲ್ಲಿ ನೀರಿರುತ್ತದೆ. ಎಷ್ಟೇ ಬೆಂಕಿ ಹಾಕಿದರೂ ಆ ಲೋಹ ಕೆಂಪಗಾಗುವುದಿಲ್ಲ. ಅಲ್ಲಿ ಬಿದ್ದ ಉಪ್ಪು ಬಹಳಷ್ಟು ಬೂದಿಯಲ್ಲೋ ಹೊಗೆಯಲ್ಲೋ ಹೊರಟು ಹೋಗುತ್ತದೆ. ವರ್ಷಗಟ್ಟಲೆ ಯಾರಿಗೂ ತೊಂದರೆ ಕೊಡದೆ ನಡೆದುಕೊಂಡು ಬಂದಿದ್ದ ಪದ್ಧತಿಯನ್ನು ಒಂದು ಚೀಟಿ ಬರೆದು, ಈ ಊರಿನಲ್ಲಿ ಉಪ್ಪು ಬೀಳಬಾರದ ಒಂದೇ ಒಂದು ಒಲೆಗೆ ತಿರುಗಿಸಿದವನು ನಾನು. ಅಲ್ಲಿಗೆ ಅವರು ಯಾಕೆ ಹೋಗುತ್ತಾರೆ ಎಂದು ಒಂದು ಮಾತು ಕೇಳಿರಲಿಲ್ಲ. ಕೆಲಸವಿಲ್ಲದವರು ಎಂದು ಬರೆದಿದ್ದೆ.

ಆ ಮಧ್ಯಾಹ್ನವೇ ಮತ್ತೆ ಶಾಗ್ಯಕ್ಕೆ ಹೋದೆ. ಅವನಿಗೆ ಉಪ್ಪಿನ ವಿಷಯ ಮೊದಲಿನಿಂದ ಗೊತ್ತಿತ್ತು, ದಿನಾ ಕಣ್ಣೆದುರಿಗೇ ಬೀಳುತ್ತಿತ್ತಲ್ಲ. ಕೊಳವೆಗೂ ಉಪ್ಪಿಗೂ ಸಂಬಂಧ ಇದೆಯೆಂದು ತಿಳಿದದ್ದು ಮಾತ್ರ ನನ್ನ ಬಾಯಿಂದ.

"ಗೊತ್ತಾದ ಮೇಲೂ ಯಾಕೆ ಹೇಳಲಿಲ್ಲ?" ಎಂದೆ.

"ಏಳುದ್ರೆ ಏನಾಗದು? ನನ್ ಕೆಲ್ಸ ಓದ್ರೆ ಒಂದ್ ಮನೆ. ಅವರ್ದು ಓದ್ರೆ ಅತ್ತು ಮನೆ" ಎಂದ. "ನಿಮ್ಗ ಬೇಕಿದ್ದುದ್ದು ಒಂದ್ ತಲೆ. ನಂದೇ ಇರ್ಲಿ ಅಂತ ಬುಟ್ಟೆ."

ನನಗೆ ಅವನ ಮೇಲೆ ಕರುಣೆ ಬರಲಿಲ್ಲ, ನಾಚಿಕೆಗೆ ಸಿಟ್ಟು ಬಂತು. ವರದಿಗೆ ಬೇಕು ಎಂದರೆ ಮ್ಯಾನೇಜರು ಬೇಡವೆನ್ನುವುದಿಲ್ಲ, ನಾಳೆ ಬಂದು ಒಲೆ ಉರಿಸು, ನಿನ್ನ ಬೆಂಕಿಯಲ್ಲೇ ಪರೀಕ್ಷೆ ಮಾಡುತ್ತೇನೆ ಎಂದೆ. ಅವನು ಒಂದು ಷರತ್ತು ಹಾಕಿದ. ಕಾವು ಅಳೆಯುವ ಮೀಟರು ಏನು ಹೇಳುತ್ತದೋ ಅದನ್ನು ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಕೂಗಿ ಹೇಳಬೇಕು.

ಎರಡು ಲೋಹದ ತಂತಿಗಳ ತುದಿ ಬೆಸೆದು ಮಾಡಿದ ತಾಪಮಾಪಕವನ್ನು ಕೊಳವೆಯ ಬಾಯಿಗೆ ತೂರಿಸಿದೆ. ಮೀಟರಿನ ಮುಖ ನನ್ನ ಕಡೆಗೆ, ಅವನಿಗೆ ಕಾಣದ ಹಾಗೆ. ಅವನು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸೌದೆ ಕೊಟ್ಟ. "ಕೊಳ್ವೆ ಬಾಯಿ ನೇರಳೆ ಹಣ್ಣಿನ್ ಬಣ್ಣಕ್ ಬಂತು" ಎನ್ನುತ್ತಿದ್ದ. ನಾನು ಮೀಟರು ಓದಿ ಕೂಗುತ್ತಿದ್ದೆ, ಐನೂರೈವತ್ತು ಡಿಗ್ರಿ. "ಈಗ ದಾಳಿಂಬ್ರೆ ಉವ್ವು." ಆರುನೂರೈವತ್ತು. "ಇನ್ನು ಸೌದೆ ಕೊಡ್ಬಾರ್ದು" ಎಂದು ಎರಡು ಕೊಳ್ಳಿ ಹೊರಗೆಳೆದ. ಮುಳ್ಳು ಆರುನೂರೆಪ್ಪತ್ತರಲ್ಲಿ ನಿಂತಿತು. ನಾವು ಬೆಂಗಳೂರಿನಲ್ಲಿ ಬರೆದುಕೊಟ್ಟಿದ್ದ ಮಿತಿ ಏಳುನೂರು. ಎರಡು ದಿನ ಹಾಗೆ ಉರಿಸಿದ, ಮುಳ್ಳು ಒಂದು ಸಲವೂ ಆ ಮಿತಿ ಮುಟ್ಟಲಿಲ್ಲ. ಮ್ಯಾನೇಜರು ಬಂದು ನಿಂತಿದ್ದಾಗ ನಾನು ಇನ್ನೂ ಸ್ವಲ್ಪ ಜೋರಾಗಿಯೇ ಕೂಗಿದೆ.

ಆ ಎರಡು ದಿನ ಹಿರಿಯಾಕೆ ನನ್ನ ಮಾತಿಗೆ ಒಪ್ಪಿ ಈ ಒಲೆಗೆ ಉಪ್ಪು ಹಾಕಲಿಲ್ಲ. ಹಳೆಯ ಕೊಳವೆಯಿಂದಲೇ ಆರು ತುಂಡು ಕತ್ತರಿಸಿ, ಕಿಟ್ಟ ಕೆರೆದು ಉಜ್ಜಿ, ಮೂರಕ್ಕೆ ಉಪ್ಪುನೀರು ಸವರಿ, ಮೂರನ್ನು ಹಾಗೇ ಬಿಟ್ಟು, ಎಲ್ಲವನ್ನೂ ಒಂದೇ ತಂತಿಯಲ್ಲಿ ನೇತುಹಾಕಿದ್ದೆ. ಹೊರತೆಗೆದಾಗ ಬರಿಯ ಮೂರೂ ಕಪ್ಪಗೆ ನುಣ್ಣಗಿದ್ದವು. ಉಪ್ಪಿನ ಮೂರೂ ಪದರೆದ್ದು ಉದುರುತ್ತಿದ್ದವು. ನೀರಿಗೆ ಹಾಕಿದರೆ ಅದೇ ಅರಿಶಿನ.

ಮ್ಯಾನೇಜರಿಗೆ ಹೇಳದೆ ವಿಧಿ ಇರಲಿಲ್ಲ. ಹಿರಿಯಾಕೆಗೆ ಕೊಟ್ಟ ಮಾತು ಮುರಿದೆ. ಅವರು ಪೂರ್ತಿ ಕೇಳಿ, ಮೇಜಿನ ಡ್ರಾಯರಿನಿಂದ ಆ ಆದೇಶದ ಹಾಳೆ ತೆಗೆದು ಹರಿದರು. ಒಂದು ಕ್ಷಣ ಎಲ್ಲ ನೇರವಾಯಿತು ಎಂದುಕೊಂಡೆ. "ಹಾಗಾದರೆ ಆ ಹೆಂಗಸರನ್ನು ತೆಗೆಯುತ್ತೇನೆ. ಮೂಢನಂಬಿಕೆಯಿಂದ ಯಂತ್ರ ಹಾಳು ಮಾಡಿದರು ಎಂದು ನೀವು ವರದಿಯಲ್ಲಿ ಒಂದು ಸಾಲು ಬರೆದರೆ ಸಾಕು" ಎಂದರು.

ಅಂಚೆ ಕಚೇರಿಯಿಂದ ಪ್ರೊಫೆಸರರಿಗೆ ಟ್ರಂಕ್ ಕಾಲ್ ಮಾಡಿದೆ. ನಾನು ಹೇಳಿದ್ದನ್ನು ಕೇಳಿ ಅವರಿಗೆ ಖುಷಿಯೇ ಆಯಿತು. "ನಮ್ಮ ಉಕ್ಕಿನ ತಪ್ಪಿಲ್ಲ ಎಂದಾಯಿತಲ್ಲ. ಕೆಲಸಗಾರರು ಒಲೆಗೆ ಉಪ್ಪು ಸೇರಿಸಿದ್ದರಿಂದ ಎಂದು ಬರೆ, ಮುಗಿಸು. ನಿನ್ನ ಐದನೇ ಅಧ್ಯಾಯ ಇನ್ನೂ ಚೆನ್ನಾಗಿ ಬರುತ್ತದೆ."

"ಬೋರ್ಡು ಹಾಕಿಸಿದ್ದು ನಾನು, ಸರ್."

"ಬೋರ್ಡು ವಿಜ್ಞಾನವಲ್ಲ. ಅದನ್ನು ಬರೆದರೆ ನಮ್ಮ ವಿಭಾಗ ಹೇಳಿದ್ದರಿಂದ ಗೂಡು ಹಾಳಾಯಿತು ಎಂದು ಅವರು ಓದಿಕೊಳ್ಳುತ್ತಾರೆ. ಹಾಗೆ ಬರೆಯುವುದಾದರೆ ನನ್ನ ಹತ್ತಿರ ಪ್ರಬಂಧ ತರಬೇಡ" ಎಂದರು. ಟ್ರಂಕ್ ಕಾಲಿನ ಮೂರು ನಿಮಿಷ ಮುಗಿಯಿತು.

ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸಕ್ಕೆ ನನ್ನ ಕೈಯಲ್ಲಿ ಕಾದ ಕಬ್ಬಿಣ ಕೊಟ್ಟಿದ್ದರು. ಮೊದಲು ಬೆಂಕಿಯವನು, ಈಗ ಹತ್ತು ಹೆಂಗಸರು. ಪ್ರೊಫೆಸರರ ಮೇಲೆ, ಮ್ಯಾನೇಜರ ಮೇಲೆ, ಒಂದು ಮಾತೂ ಹೇಳದೆ ಹುಣಸೆ ಮರದ ಕೆಳಗೆ ಕೂತಿದ್ದವನ ಮೇಲೆ, ಎಲ್ಲರ ಮೇಲೂ ನನಗೆ ಸಿಟ್ಟಿತ್ತು. ಆದರೆ ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅಲ್ಲೇ ಮಂಡಿಯ ಮೇಲೆ ಇಟ್ಟುಕೊಂಡು ವರದಿ ಬರೆದೆ. ಬೆಂಕಿ ಮಿತಿ ಮೀರಿಲ್ಲ, ಕೊಳವೆಯ ಕಣಗಳು ಊದಿಕೊಂಡಿಲ್ಲ, ಇದನ್ನು ಹೊರಡುವ ಮುಂಚೆಯೇ ನಾನು ನೋಡಿದ್ದೆ ಎಂದು ಬರೆದೆ. ಉಪ್ಪಿನ ಪದ್ಧತಿ ಹಳೆಯದು, ಅದು ನಡೆಯುತ್ತಿದ್ದ ಜಾಗದಲ್ಲಿ ನಿರಪಾಯವಾಗಿತ್ತು ಎಂದು ಬರೆದೆ. ಅದನ್ನು ಅಲ್ಲಿಂದ ಎಬ್ಬಿಸಿದ್ದು ವಿಚಾರಿಸದೆ ಕೊಟ್ಟ ನನ್ನ ಚೀಟಿ, ಆದ್ದರಿಂದ ಕೊಳವೆ ಹಾಳಾದದ್ದಕ್ಕೆ ಹೊಣೆ ನನ್ನದು ಎಂದು ಬರೆದು, ಹೆಸರು ಹಾಕಿ, ಬೋರ್ಡು ತೆಗೆಸಿ ಎಂಬ ಸಲಹೆ ಸೇರಿಸಿದೆ. ಬಾಯ್ಲರ್ ಮನೆಗೆ ಹೋಗುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಬೇಕು, ಬೆಂಕಿಬಾಗಿಲನ್ನು ಒಲೆ ಕಾಯುವವನೇ ತೆರೆಯಬೇಕು, ಇಷ್ಟೇ ನಿಯಮ. ಒಂದು ಪ್ರತಿ ಮ್ಯಾನೇಜರಿಗೆ, ಒಂದು ಪ್ರತಿ ಮಾಲೀಕರಿಗೆ ಅಂಚೆಯಲ್ಲಿ ಹಾಕಿ ಬಸ್ಸು ಹತ್ತಿದೆ.

ಮಾಲೀಕರಿಗೆ ಬೈಯಲು ದೂರದ ಒಬ್ಬ ಸಿಕ್ಕಿದ್ದರಿಂದ ಹತ್ತಿರದವರು ಉಳಿದರು. ಬೆಂಕಿಯವನನ್ನು ವಾಪಸು ತೆಗೆದುಕೊಂಡರು. ಹೆಂಗಸರು ಉಳಿದರು. ಪ್ರೊಫೆಸರರು ಆಡಿದ ಮಾತಿಗೆ ತಪ್ಪಲಿಲ್ಲ. ನಾಲ್ಕು ಅಧ್ಯಾಯಗಳು ನನ್ನ ಬೀರುವಿನಲ್ಲಿ ಉಳಿದವು.

ಎಂಟು ತಿಂಗಳ ನಂತರ ಅದೇ ಉಕ್ಕಿನ ಹೊಸ ಕೊಳವೆಗಳನ್ನು ನೋಡಲು ಹೋದೆ. ಯಾರೂ ಕರೆದಿರಲಿಲ್ಲ. ಚಿಕ್ಕಮ್ಮನನ್ನು ನೋಡುವ ನೆಪ. ಬೆಂಕಿಯವನು ಒಲೆಯಿಂದ ಬೂದಿ ಎಳೆಯುತ್ತಿದ್ದ. ನನ್ನ ಬೋರ್ಡನ್ನು ಮಡಚಿ, ಮರದ ಹಿಡಿ ಹೊಡೆದು, ಬೂದಿಮೊರ ಮಾಡಿಕೊಂಡಿದ್ದ. ಬರಕೂಡದು ಎಂಬಷ್ಟು ಅಕ್ಷರ ಮಾತ್ರ ಉಳಿದಿತ್ತು. ಕೊಳವೆಯ ಬಾಯಿಗೆ ಕನ್ನಡಿ ಹಿಡಿದು ತೋರಿಸಿದ. ಒಳಮೈ ಕಪ್ಪಗೆ, ನುಣ್ಣಗೆ, ಒಂದು ಪದರವೂ ಎದ್ದಿರಲಿಲ್ಲ.

"ಚೆನ್ನಾಗಿದೆ" ಎಂದೆ.

"ಬೆಂಕಿ ಚೆನ್ನಾಗದ" ಎಂದ ಅವನು. ಕ್ಷಮಿಸಿದ ದನಿಯಲ್ಲ. ನಾನೂ ಕ್ಷಮೆ ಕೇಳಲು ಹೋಗಿರಲಿಲ್ಲ.

ಹೊರಡುವಾಗ ಹಿರಿಯಾಕೆ ತಡೆದಳು. ಕೊಟ್ಟ ಮಾತು ನಾನು ಮುರಿದದ್ದನ್ನು ಅವಳು ಮರೆತಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ ನನ್ನ ತೋಳು ಹಿಡಿದು ಬಾಯ್ಲರ್ ಮನೆಗೆ ಎಳೆದುಕೊಂಡು ಹೋದಳು. "ನಿಂತ್ಕಳಪ್ಪ ಇಲ್ಲಿ. ಕೊಳ್ವೆ ಓಯ್ತು, ಪರೀಕ್ಸೆ ಓಯ್ತು ಅಂತ ಕೇಳ್ದೆ. ಯಾರ್ ಕಣ್ ಬಿತ್ತೋ." ಬಾಯ್ಲರಿನ ಪಕ್ಕದ ಗೋಡೆಗೂಡಿನಲ್ಲಿ ಯಾವಾಗಲೋ ಇಟ್ಟಿದ್ದ ಡಬ್ಬಿಯಿಂದ ಒಂದು ಹಿಡಿ ಉಪ್ಪು ತೆಗೆದು ನನ್ನ ತಲೆಯ ಸುತ್ತ ಮೂರು ಸಲ ನಿವಾಳಿಸಿದಳು. ಬೆಂಕಿಯವನು ಬಾಗಿಲು ತೆರೆದ. ಅವಳು ಎಸೆದಳು. ಮೂವರೂ ಕಿವಿಗೊಟ್ಟು ನಿಂತೆವು. ಒಂದು ಹರಳೂ ಸಿಡಿಯಲಿಲ್ಲ.

ತಿಂಗಳುಗಟ್ಟಲೆ ಬಾಯ್ಲರಿನ ಕಾವಿನಲ್ಲಿಟ್ಟ ಉಪ್ಪಿನಲ್ಲಿ ತೇವ ಉಳಿದಿರುವುದಿಲ್ಲ, ತೇವವಿಲ್ಲದ ಹರಳು ಸಿಡಿಯುವುದಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಹಿರಿಯಾಕೆ ಕೈ ಕೊಡವಿಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಕಣ್ಣೇ ಬಿದ್ದಿಲ್ಲ ಕಣಪ್ಪ" ಎಂದಳು. "ಕಣ್ ಆಕುವಂತುದ್ದು ನಿನ್ತಾವ ಏನದ?"

ಬೆಂಕಿಯವನು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ನಗು ಬಂತು, ತಡೆಯಲಾಗಲಿಲ್ಲ.